ಪ್ರತಿ ವಾರ ಫೋನ್ ಮಾಡುತ್ತಿದ್ದವರು ಈಗಿಲ್ಲ: ರೇಡಿಯೋದಲ್ಲಿ ಅವರನ್ನು ನೆನೆಯೋದು ಹೇಗೆ?

ಫೋನ್ ಇನ್ ಕಾರ್ಯಕ್ರಮ ಮಾಡಿದವರಿಗೆ ಇದು ಗೊತ್ತಿರುತ್ತೆ. ಲೈನ್ ತೆರೆದ ಕೂಡಲೇ ಬರುವ ಮೊದಲ ಕಾಲ್ ಯಾರದು ಅಂತ ರಿಂಗ್ ಆಗುವ ಮೊದಲೇ ಹೇಳಬಹುದು. ಹೆಸರಿಗಿಂತ ಮುಂಚೆ ಊರು ಹೇಳುವವರು, ನಮ್ಮನ್ನೇ "ಊಟ ಆಯ್ತಾ?" ಅಂತ ವಿಚಾರಿಸಿಕೊಳ್ಳುವವರು, ರೇಡಿಯೋ ವಾಲ್ಯೂಮ್ ಕಮ್ಮಿ ಮಾಡಿ ಅಂತ ನಾವು ಬಾಯಿ ಬಿಡುವ ಮೊದಲೇ "ಮಾಡಿದೀನಿ, ಮಾಡಿದೀನಿ" ಅನ್ನುವವರು. ಒಂದು ವಾರ ಆ ಕಾಲ್ ಬರೋದಿಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರ ಇನ್ಯಾರೋ ಫೋನ್ ಮಾಡಿ, "ಗೊತ್ತಾಯ್ತಾ ಮೇಡಂ, ಅವರು ಹೋಗ್ಬಿಟ್ರಂತೆ" ಅಂತಾರೆ. ಅದೂ ನೇರಪ್ರಸಾರದಲ್ಲಿ.

ಆಗ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ. ನಾನಿರೋದು ಚಿಕ್ಕ ಸಮುದಾಯ ರೇಡಿಯೋದಲ್ಲಿ. ದೊಡ್ಡ ನಿಲಯದಲ್ಲಿ ಇರುವವರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳಿ.

ಆ ಕ್ಷಣಕ್ಕೆ ಮಾಡಬೇಕಾದ್ದು ಒಂದೇ: ಹೌದು ಅಂತಲೂ ಅನ್ನಬೇಡಿ, ಅಯ್ಯೋ ಅಂತಲೂ ಅನ್ನಬೇಡಿ. "ವಿಚಾರಿಸಿ ಹೇಳ್ತೀವಿ" ಅಂತ ಹೇಳಿ ಮುಂದಿನ ಹಾಡಿಗೆ ಹೋಗಿ. ನಾನು ಹಾಗೆ ಮಾಡಲಿಲ್ಲ. ಗಂಟಲು ಕಟ್ಟಿಕೊಂಡು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹೇಳಿಯೇಬಿಟ್ಟೆ. ತೀರಿಕೊಂಡದ್ದು ಪಕ್ಕದ ಹಳ್ಳಿಯ ಅದೇ ಹೆಸರಿನವರು. ನಮ್ಮವರು ಅರ್ಧ ಗಂಟೆಯೊಳಗೆ ಲೈನಿಗೆ ಬಂದು, "ಅವ್ವಾ, ನಾನಿನ್ನೂ ಇದೀನಿ ಕಣವ್ವಾ, ನನ್ನ ಹಾಡು ಹಾಕು" ಅಂದರು. ಊರೆಲ್ಲ ನಕ್ಕಿತು. ಅವರ ಮಗಳು ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ಬರುತ್ತಾ ಕೇಳಿಸಿಕೊಂಡಿದ್ದರಂತೆ. ಅವರ ಹತ್ತಿರ ಕ್ಷಮೆ ಕೇಳೋಕೆ ಮನೆವರೆಗೂ ಹೋಗಬೇಕಾಯ್ತು.

ವಿಚಾರಿಸೋದು ಕಷ್ಟ ಏನಲ್ಲ. ನಮ್ಮಂಥ ರೇಡಿಯೋಗಳದ್ದು ಸಾಮಾನ್ಯವಾಗಿ ಚಿಕ್ಕ ಟ್ರಾನ್ಸ್‌ಮಿಟರ್, ಕೇಳಿಸೋದು ಸುತ್ತ 10 ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ ಹಾಲಿನ ಡೈರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಅಂಗನವಾಡಿಯಲ್ಲಿ ಯಾರಿಗಾದರೂ ವಿಷಯ ಗೊತ್ತಿದ್ದೇ ಇರುತ್ತೆ. ಸತ್ತವರ ನಂಬರಿಗೇ ಫೋನ್ ಮಾಡಿ "ಇದ್ದಾರಾ?" ಅಂತ ಕೇಳೋದು ಕೊನೆಯ ದಾರಿ. ಆ ಕಡೆ ಫೋನ್ ಎತ್ತುವವರ ಪಾಡು ಯೋಚಿಸಿ.

ವಿಷಯ ನಿಜ ಅಂತ ಗೊತ್ತಾದ ದಿನವೇ ಹಳೆಯ ರೆಕಾರ್ಡಿಂಗ್ ಹುಡುಕಿ. ಮುಂದಿನ ವಾರ ನೋಡೋಣ ಅನ್ನಬೇಡಿ. ಪ್ರಸಾರ ಮಾಡಿದ್ದೆಲ್ಲವನ್ನೂ ಸಮುದಾಯ ರೇಡಿಯೋಗಳು 3 ತಿಂಗಳು ಇಟ್ಟುಕೊಂಡಿರಬೇಕು ಅಂತ ಸರ್ಕಾರದ ನಿಯಮ ಇದೆ. ಸರಿ, 3 ತಿಂಗಳಾದ ಮೇಲೆ? ಹಾರ್ಡ್ ಡಿಸ್ಕ್ ತುಂಬಿತು ಅಂತ ಯಾರೋ ಒಂದು ಸಂಜೆ ಕೂತು ಡಿಲೀಟ್ ಹೊಡೆಯುತ್ತಾರೆ. 6 ವರ್ಷ ಬಿಡದೆ ಫೋನ್ ಮಾಡಿದವರ ದನಿ ನಮ್ಮಲ್ಲಿ ಉಳಿದದ್ದು ಕೊನೆಯ 11 ವಾರದ್ದು ಮಾತ್ರ, ಅದೂ ಆಗ ಮೈ ಹುಷಾರಿಲ್ಲದೆ ಕೆಮ್ಮುತ್ತಾ ಮಾತಾಡಿದ್ದು. ಅದಕ್ಕೇ ಈಗ ತಿಂಗಳಿಗೊಂದು ಸಲ, ಪದೇ ಪದೇ ಫೋನ್ ಮಾಡುವ ಒಬ್ಬೊಬ್ಬರದೂ ಒಂದು ಒಳ್ಳೆ ಕಾಲ್ ಆರಿಸಿ ಬೇರೆ ಫೋಲ್ಡರಿಗೆ ಹಾಕಿಡುತ್ತೇನೆ. ಫೈಲಿನ ಹೆಸರಲ್ಲಿ ತಾರೀಕು, ಊರು, ಏನು ಮಾತಾಡಿದರು ಅಂತ ಎರಡು ಪದ. ಬದುಕಿರುವವರ ದನಿಯನ್ನು ಹೀಗೆ ಎತ್ತಿಡೋಕೆ ಮೊದಮೊದಲು ಒಂಥರಾ ಅನಿಸುತ್ತಿತ್ತು. ಈಗ ಅಭ್ಯಾಸ ಆಗಿದೆ.

ರೇಡಿಯೋದಲ್ಲಿ ಕೆಲಸ ಮಾಡದೆ ಬರೀ ಕೇಳುಗರಾಗಿರುವವರೂ ಇದನ್ನು ಮಾಡಬಹುದು. ಎಫ್‌ಎಂ ಇರುವ ಎಷ್ಟೋ ಫೋನ್‌ಗಳಲ್ಲಿ ರೆಕಾರ್ಡ್ ಬಟನ್ ಇರುತ್ತೆ. ಇಯರ್‌ಫೋನ್ ಚುಚ್ಚಿರಬೇಕು ಅಷ್ಟೇ, ಅದರ ವೈರೇ ಆಂಟೆನಾ. ನಿಮ್ಮ ಅಜ್ಜನೋ ಅತ್ತೆಯೋ ರೇಡಿಯೋಗೆ ಫೋನ್ ಮಾಡುವವರಾಗಿದ್ದರೆ ಒಂದು ಸಲ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಇನ್ನು ಮನೆಯವರ ಒಪ್ಪಿಗೆ. ಇದನ್ನು ಫೋನಿನಲ್ಲಿ ಮುಗಿಸಬೇಡಿ, ಹೋಗಿ ಬನ್ನಿ. ಹೋಗುವಾಗ ಒಂದು ಕ್ಲಿಪ್ ಮೊಬೈಲಿನಲ್ಲಿ ಇರಲಿ. ಆದರೆ ನೀವಾಗಿ ಹಾಕಬೇಡಿ, "ಕೇಳ್ತೀರಾ?" ಅಂತ ಕೇಳಿ ಹಾಕಿ.

ಗುರುವಾರ ಸಂಜೆ ಡೈರಿಗೆ ಹಾಲು ಹಾಕಿ ಬರುತ್ತಾ ದಾರಿಯಿಂದಲೇ ಫೋನ್ ಮಾಡುತ್ತಿದ್ದ ಒಬ್ಬರಿದ್ದರು. ಖಾಲಿ ಕ್ಯಾನು ಸೈಕಲ್ಲಿಗೆ ಬಡಿಯುವ ಸದ್ದಿನ ಮಧ್ಯೆ ಮಳೆ, ಬೆಲೆ, ಕರು ಹಾಕಿದ ಹಸು ಎಲ್ಲ ಹೇಳಿ, ಕೊನೆಗೆ ಹಾಡು ಯಾರಿಗೆ ಅಂದರೆ ಪ್ರತಿ ಸಲವೂ "ನಮ್ಮ ಮನೆಯವ್ರಿಗೆ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಗೆ ಹೋದರೆ ಅವರ ಹೆಂಡತಿಗೆ ಇದು ಯಾವುದೂ ಗೊತ್ತೇ ಇಲ್ಲ. ಆ ಹೊತ್ತಿಗೆ ಮನೆಯಲ್ಲಿ ಸೀರಿಯಲ್ ಓಡುತ್ತಿರುತ್ತಿತ್ತು. ರೇಡಿಯೋ ಇದ್ದದ್ದು ಕೊಟ್ಟಿಗೆಯಲ್ಲಿ. ಕ್ಲಿಪ್ ಕೇಳಿಸಿದೆ. ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದು, ನಿಜವಾದ ಕಾಲ್ ಅನ್ನೋ ಹಾಗೆ, "ಹ್ಞೂ... ಹ್ಞೂ..." ಅನ್ನುತ್ತಾ ಕೇಳಿದರು. ಆಮೇಲೆ ಅಂದದ್ದು ಒಂದೇ ಮಾತು: "ಮನೇಲಿ ಇಷ್ಟೊಂದು ಮಾತಾಡ್ತಿರ್ಲಿಲ್ಲ."

ನೀವು ಹುಡುಕಬೇಕಾದ್ದು ಇಂಥದ್ದನ್ನೇ. ಅವರು ಎಷ್ಟು ಒಳ್ಳೆಯವರು ಅಂತ ಹೇಳೋಕೆ ಊರಿನ ಫ್ಲೆಕ್ಸ್ ಇದೆ, "ಮತ್ತೆ ಹುಟ್ಟಿ ಬನ್ನಿ" ಅಂತ ಬರೆಸಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುತ್ತಾರೆ. ರೇಡಿಯೋದಲ್ಲಿ ಅವರು ಬೇರೆಯೇ ಒಬ್ಬರಾಗಿದ್ದರು. ನಿಮಗೆ ಗೊತ್ತಿರೋದು ಅವರೊಬ್ಬರೇ, ಅವರ ಬಗ್ಗೆ ಮಾತ್ರ ಮಾತಾಡಿ. ಯಾವ ಹಾಡು ಕೇಳುತ್ತಿದ್ದರು, ಯಾವ ಪದ ಜಾಸ್ತಿ ಬಳಸುತ್ತಿದ್ದರು, ಲೈನ್ ಕಟ್ ಆದರೆ ಎಷ್ಟು ಸಲ ಮತ್ತೆ ಟ್ರೈ ಮಾಡುತ್ತಿದ್ದರು.

ಭಾಷೆ ಸರಳ ಇರಲಿ. ಒಂದು ಮನೆಯಲ್ಲಿ ಲಿಂಗೈಕ್ಯರಾದರು ಅಂತಾರೆ, ಇನ್ನೊಂದು ಮನೆಯಲ್ಲಿ ದೈವಾಧೀನರಾದರು ಅಂತಾರೆ. "ತೀರಿಕೊಂಡರು" ಅಂದರೆ ಯಾರ ಮನೆಗೂ ಸಲ್ಲುತ್ತೆ. ಕಾಯಿಲೆ ಏನು, ಆಸ್ಪತ್ರೆ ಯಾವುದು, ಸಾಲ ಎಷ್ಟಿತ್ತು, ಇದ್ಯಾವುದೂ ಬೇಡ. ಅವರೇ ಹಿಂದೆ ಲೈನಿನಲ್ಲಿ ಹೇಳಿಕೊಂಡಿದ್ದರೂ ಬೇಡ. ಫೋನ್ ನಂಬರ್ ಹೇಳೋ ಮಾತೇ ಇಲ್ಲ. ತಮ್ಮ ಸಂಘದ ಹೆಸರೂ ಸೇರಿಸಿ ಅಂತ ಯಾರಾದರೂ ಬಂದರೆ ಟೀ ಕುಡಿಸಿ ಕಳಿಸಿ.

ಎಡಿಟಿಂಗ್ ವಿಷಯಕ್ಕೆ ಬಂದರೆ, ಜಾಸ್ತಿ ಕ್ಲೀನ್ ಮಾಡೋಕೆ ಹೋಗಬೇಡಿ. ಹಳೆಯ ಲ್ಯಾಂಡ್‌ಲೈನ್, 2ಜಿ ಕಾಲ್‌ಗಳಲ್ಲಿ ಸುಮಾರು 300 ರಿಂದ 3400 ಹರ್ಟ್ಸ್ ಒಳಗಿನ ದನಿ ಮಾತ್ರ ದಾಟಿ ಬರುತ್ತೆ. ಅದಕ್ಕೇ ಫೋನಿನ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತೆ. ಬಾರದೇ ಇರುವ ಬೇಸ್, ಅಂದರೆ ತಗ್ಗಿನ ದನಿಯನ್ನು ಏರಿಸಿದರೆ ಏರೋದು ಗುಂಯ್ ಅನ್ನುವ ಸದ್ದು ಮಾತ್ರ. ಆಡಾಸಿಟಿ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹಿನ್ನೆಲೆ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಸ್ವಲ್ಪ ಜೋರಾದರೂ ದನಿ ನೀರೊಳಗಿಂದ ಬಂದಂತೆ ಆಗುತ್ತೆ. ಜೊತೆಗೆ ಕ್ಯಾನಿನ ಸದ್ದು, ಕುಕ್ಕರ್ ಕೂಗು, ಮೊಮ್ಮಗು "ತಾತಾ ನಂಗೆ ಕೊಡು" ಅನ್ನೋದು ಎಲ್ಲ ಅಳಿಸಿಹೋಗುತ್ತೆ. ಸ್ಟುಡಿಯೋ ದನಿಗೂ ಕ್ಲಿಪ್ಪಿಗೂ ವಾಲ್ಯೂಮ್ ಸಮ ಮಾಡಿ, ಅಷ್ಟು ಸಾಕು.

ಮೂರು ಕ್ಲಿಪ್ ಸಾಕು, ಒಂದೊಂದೂ ಒಂದು ನಿಮಿಷದೊಳಗೆ. ಕೊನೆಯ ಕಾಲನ್ನು ಕೊನೆಗೆ ಇಡಬೇಡಿ ಅಂತ ನಾನು ಹೇಳುತ್ತೇನೆ, ನಮ್ಮಲ್ಲೇ ಕೆಲವರು ಒಪ್ಪೋದಿಲ್ಲ. ಕೊನೆಯ ಕಾಲ್ ಹಾಕಿದರೆ ಕೇಳುವವರು ಮಾತನ್ನು ಬಿಟ್ಟು ಕೆಮ್ಮನ್ನು ಕೇಳುತ್ತಾರೆ. ಅವರು ನಿಮ್ಮನ್ನು ಬೈದದ್ದೋ ರೇಗಿಸಿದ್ದೋ ಇದ್ದರೆ ಅದನ್ನು ಕೊನೆಗಿಡಿ. ಹಿಂದೆ ಸಿತಾರ್ ಗಿತಾರ್ ಏನೂ ಬೇಡ. ಕ್ಲಿಪ್ ಮುಗಿದ ಮೇಲೆ ಎರಡು ಸೆಕೆಂಡ್ ಸುಮ್ನೆ ಇರಿ. ಸದ್ದಿಲ್ಲದೆ ಬಿಡಬಾರದು ಅಂತ ನಮಗೆ ಕಲಿಸಿರುತ್ತಾರೆ, ಕೈ ತಾನಾಗಿ ವಾಲ್ಯೂಮ್ ಏರಿಸಿ ಇಳಿಸುವ ಫೇಡರಿಗೆ ಹೋಗುತ್ತೆ. ತಡೆದುಕೊಳ್ಳಿ.

ದಿನ ಗೊತ್ತು ಮಾಡುವ ಮುಂಚೆ ಮನೆಯವರನ್ನು ಕೇಳಿ. 11ನೇ ದಿನದ ತಿಥಿ ಮುಗಿಯಲಿ ಅಂತಾರೆ ಕೆಲವರು, ಮುಸ್ಲಿಮರ ಮನೆಯಲ್ಲಿ 40ನೇ ದಿನ ಆಗಲಿ ಅನ್ನಬಹುದು. ಅದು ಬಿಟ್ಟರೆ ವಾರದಲ್ಲಿ ಅವರು ಫೋನ್ ಮಾಡುತ್ತಿದ್ದ ದಿನ, ಅದೇ ಹೊತ್ತು, ಅದೇ ಕಾರ್ಯಕ್ರಮ. ಪ್ರತ್ಯೇಕ ಕಾರ್ಯಕ್ರಮ ಮಾಡಿದರೆ ಅದು ಸಭೆ ಆಗಿಬಿಡುತ್ತೆ. ಅರ್ಧ ಗಂಟೆಯಲ್ಲಿ 7-8 ನಿಮಿಷ ಇದಕ್ಕಿರಲಿ. ಮೊದಲ ಕಾಲ್ ತೆಗೆದುಕೊಳ್ಳುವ ಜಾಗದಲ್ಲಿ ಅವರ ಕ್ಲಿಪ್ ಹಾಕಿ, ಆಮೇಲೆ ಅವರು ಕೇಳುತ್ತಿದ್ದ ಹಾಡು, ಆಮೇಲೆ ಲೈನ್ ತೆರೆಯಿರಿ.

ಲೈನ್ ತೆರೆದಾಗ ಏನಾಗುತ್ತೆ ಅಂತ ಹೇಳೋಕೆ ಬರೋದಿಲ್ಲ. ಒಬ್ಬರು ಅಳುತ್ತಾರೆ. ಆಗ ನೀವು ಮಾತು ತುಂಬಬೇಡಿ, "ಲೈನಲ್ಲೇ ಇದೀನಿ, ನಿಧಾನಕ್ಕೆ ಹೇಳಿ" ಅಂತ ಸುಮ್ಮನಾಗಿ. ಇನ್ನೊಬ್ಬರು ಯಾವತ್ತೂ ಮುಖ ನೋಡದೆ ಬರೀ ದನಿಯಲ್ಲೇ 4 ವರ್ಷ ಜಗಳ ಆಡಿದವರು, "ಅವರಿಗೆ ಹಾಡಿನ ಬಗ್ಗೆ ಏನೂ ಗೊತ್ತಿರಲಿಲ್ಲ ಬಿಡಿ" ಅಂತ ಮತ್ತೆ ಶುರು ಮಾಡುತ್ತಾರೆ. ಮಾಡಲಿ ಬಿಡಿ, ನನ್ನ ಪ್ರಕಾರ ಆ ದಿನದ ಅತ್ಯುತ್ತಮ ಕಾಲ್ ಅದು. ಮೂರನೆಯವರಿಗೆ ಇದ್ಯಾವುದರ ಪರಿವೆಯೇ ಇರೋದಿಲ್ಲ, ಮಗಳ ಹುಟ್ಟುಹಬ್ಬಕ್ಕೆ ಹಾಡು ಬೇಕು ಅಂತಾರೆ. ಹಾಕಿ. ಕೋಪ ಮಾಡಿಕೊಳ್ಳಬೇಡಿ.

ಆಮೇಲಿನ ಕೆಲಸ ಸಣ್ಣದು. ಯೂಟ್ಯೂಬಿಗೆ ಹಾಕುವುದಾದರೆ ಸಿನಿಮಾ ಹಾಡು ಕತ್ತರಿಸಿ ಮಾತು ಮಾತ್ರ ಇಡಿ, ಇಲ್ಲದಿದ್ದರೆ ಕಾಪಿರೈಟ್ ತಕರಾರು ಬರುತ್ತೆ. ಅದಕ್ಕೂ ಮನೆಯವರನ್ನು ಇನ್ನೊಂದು ಸಲ ಕೇಳಿ, ರೇಡಿಯೋಗೆ ಒಪ್ಪಿದವರು ಇಂಟರ್‌ನೆಟ್ಟಿಗೂ ಒಪ್ಪಿದ್ದಾರೆ ಅಂತಲ್ಲ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಫೈಲ್ ಇದ್ದ ಹಾಗೇ ತಲುಪುತ್ತೆ. ಆದರೆ ಫೋನು ಬದಲಾದರೆ ಅದೂ ಹೋಯ್ತು, ಹಾಗಾಗಿ ಒಂದು ಪೆನ್‌ಡ್ರೈವ್ ಕೊಟ್ಟುಬಿಡಿ.

ಹಾಲಿನವರ ಮನೆಗೂ ಒಂದು ಕೊಟ್ಟೆ. ಪೆನ್‌ಡ್ರೈವ್ ಚುಚ್ಚೋಕೆ ಆ ಮನೆಯಲ್ಲಿ ಇದ್ದದ್ದು ಟಿವಿ ಒಂದೇ. ಹೇಗೆ ಹಾಕೋದು ಅಂತ ಮೊಮ್ಮಗನಿಗೆ ತೋರಿಸಿಕೊಟ್ಟು ಬಂದೆ. ಸೀರಿಯಲ್ ಮುಗಿದ ಮೇಲೆ ಹಾಕುತ್ತಾರಂತೆ.