ಭೀಮ ಉಳಿದ, ಅರ್ಜುನ ಅಳಿದ: ಆಟದ ಪಾತ್ರವನ್ನು ಸೇವ್ ಮಾಡಿದ ನನ್ನ ಅನುಭವ

ಸಾಲಿಗೊಂದು ಮಾಹಿತಿಯಿರುವ ಸಾದಾ ಪಠ್ಯದ ಫೈಲಿನಲ್ಲಿ ಆಟದ ಪಾತ್ರವನ್ನು ಉಳಿಸುತ್ತೇನೆ ಎಂದಾಗ, ಜೊತೆಯಲ್ಲಿ ಸಿ++ ಪ್ರೋಗ್ರಾಮಿಂಗ್ ಭಾಷೆ ಕಲಿತ ಗೆಳೆಯರಲ್ಲಿ ಯಾರೂ ಅದನ್ನು ಒಪ್ಪಲಿಲ್ಲ. ಒಬ್ಬರು ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸ್ ಹಾಕಿಕೊಳ್ಳಿ ಎಂದರು. ಇನ್ನೊಬ್ಬರು, ಪಠ್ಯವಾದರೆ ಆಟಗಾರರು ನೋಟ್‌ಪ್ಯಾಡ್‌ನಲ್ಲೇ ತೆರೆದು ಚಿನ್ನ ಹೆಚ್ಚಿಸಿಕೊಳ್ಳುತ್ತಾರೆ, ಕಣ್ಣಿಗೆ ಓದಲಾಗದ ಬೈನರಿ ರೂಪವೇ ಸರಿ ಎಂದರು. ಒಬ್ಬರೇ ಕುಳಿತು ಆಡುವ ಆಟದಲ್ಲಿ ಯಾರೋ ಚಿನ್ನ ಹೆಚ್ಚಿಸಿಕೊಂಡರೆ ನನ್ನ ಗಂಟೇನೂ ಹೋಗುವುದಿಲ್ಲ. ಈಗ ಸುಮಾರು ಒಂದೂವರೆ ವರ್ಷದಿಂದ ನಲವತ್ತು ಐವತ್ತು ಮಂದಿ ಆ ಆಟವನ್ನು ಆಡುತ್ತಿದ್ದಾರೆ, ಇಂದಿನ ಪದ್ಧತಿ ಕೂಡಿಬಂದ ಮೇಲೆ ಒಬ್ಬರ ಪಾತ್ರವೂ ಕಳೆದುಹೋಗಿಲ್ಲ. ಬೈನರಿಯ ಪರವಾಗಿ ವಾದಿಸಿದ ಗೆಳೆಯರೇ ಕಳೆದ ತಿಂಗಳು ನನ್ನ ಫೈಲನ್ನು ಕೇಳಿ ಪಡೆದುಕೊಂಡರು ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ.

ಆರಂಭದಲ್ಲಿ ನಾನೂ ಎಲ್ಲರಂತೆ ಪಾತ್ರದ ಸ್ಟ್ರಕ್ಟನ್ನು, ಅಂದರೆ ಅದರ ಮಾಹಿತಿಯೆಲ್ಲ ಒಟ್ಟಿಗಿರುವ ಮೆಮೊರಿಯ ತುಂಡನ್ನು, ಇಡಿಯಾಗಿ ಫೈಲಿಗೆ ಸುರಿದಿದ್ದೆ. ಪಾತ್ರಕ್ಕೆ ಭೀಮ ಎಂದು ಹೆಸರಿಟ್ಟಾಗ ಎಲ್ಲವೂ ಸರಿಯಾಗಿ ಮರಳಿ ಬರುತ್ತಿತ್ತು, ಅರ್ಜುನ ಎಂದು ಇಟ್ಟರೆ ಮಾತ್ರ ಲೋಡ್ ಆದ ಕೂಡಲೇ ಪ್ರೋಗ್ರಾಂ ಕುಸಿದು ಬೀಳುತ್ತಿತ್ತು. ಇದರ ಹಿಂದಿನ ಲೆಕ್ಕ ಸ್ವಾರಸ್ಯಕರವಾಗಿದೆ. ಮೈಕ್ರೋಸಾಫ್ಟ್‌ನ ಸಿ++ ಸಾಧನವಾದ ವಿಷುಯಲ್ ಸ್ಟುಡಿಯೋದಲ್ಲಿ ಪಠ್ಯ ಹಿಡಿದಿಡುವ ಸ್ಟ್ರಿಂಗ್ 15 ಬೈಟ್‌ವರೆಗಿನ ಪಠ್ಯವನ್ನು ತನ್ನ ಒಡಲಿನಲ್ಲೇ ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಉದ್ದವಾದರೆ ಹೀಪ್ ಎಂಬ ಬೇರೆ ಮೆಮೊರಿಯಲ್ಲಿ ಜಾಗ ಪಡೆದು ಅದರ ವಿಳಾಸವನ್ನು ಮಾತ್ರ ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಭೀಮ ಎಂದರೆ ಭ, ದೀರ್ಘದ ಚಿಹ್ನೆ, ಮ ಸೇರಿ 9 ಬೈಟ್. ಅರ್ಜುನ ಎಂದರೆ ಅ, ರ, ವಿರಾಮದ ಚಿಹ್ನೆ, ಜ, ಕೊಂಬು, ನ ಸೇರಿ 18 ಬೈಟ್. ಹೀಗಾಗಿ ಭೀಮನ ಫೈಲಿನಲ್ಲಿ ಹೆಸರೇ ಇತ್ತು, ಅರ್ಜುನನ ಫೈಲಿನಲ್ಲಿ ಇದ್ದದ್ದು ಸತ್ತುಹೋದ ಒಂದು ವಿಳಾಸ. ಆಟವನ್ನು ಮುಚ್ಚದೆ ಅಲ್ಲೇ ಲೋಡ್ ಮಾಡಿದರೆ ಆ ವಿಳಾಸ ಇನ್ನೂ ಜೀವಂತವಾಗಿರುವುದರಿಂದ ಅರ್ಜುನನೂ ಸರಿಯಾಗಿಯೇ ಕಾಣುತ್ತಿದ್ದ, ದೋಷ ಇಷ್ಟು ದಿನ ಅಡಗಿ ಕುಳಿತದ್ದೂ ಅದರಿಂದಲೇ. ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷಿಸುವವರಿಗೆ ಹದಿನೈದು ಅಕ್ಷರ ದಾಟುವ ಹೆಸರು ಅಪರೂಪ, ನಮಗೆ ಐದು ಸಂಕೇತ ದಾಟಿದರೆ ಮುಗಿಯಿತು. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸುವ ಗೆಳೆಯರ ಬಳಿ ಭೀಮನೂ ಉಳಿಯಲಿಲ್ಲ, ಏಕೆಂದರೆ ಅಲ್ಲಿ ಒಡಲೊಳಗಿನ ಪಠ್ಯವನ್ನು ತೋರಿಸಲೂ ಒಂದು ಪಾಯಿಂಟರ್, ಅಂದರೆ ವಿಳಾಸ, ಇರುತ್ತದೆ.

ಮುಂದೆ ಪಠ್ಯಕ್ಕೆ ಬಂದೆ, ಆದರೆ ಪಠ್ಯ ತಾನಾಗಿಯೇ ಏನನ್ನೂ ಕಾಪಾಡುವುದಿಲ್ಲ. ಒಬ್ಬ ಆಟಗಾರರು ತಮ್ಮ ವೀರನಿಗೆ ಸಂಗೊಳ್ಳಿ ರಾಯಣ್ಣ ಎಂದು ಹೆಸರಿಟ್ಟರು. ಸಿ++ ನ ಬಾಣದ ಗುರುತಿನಿಂದ (>>) ಓದುವ ವಿಧಾನ ಖಾಲಿ ಜಾಗದಲ್ಲಿ ನಿಲ್ಲುವುದರಿಂದ ಹೆಸರಿಗೆ ಸಂಗೊಳ್ಳಿ ಮಾತ್ರ ಸಿಕ್ಕಿ, ರಾಯಣ್ಣ ಎಂಬುದು ಜೀವಬಲದ ಸಂಖ್ಯೆಯ ಜಾಗಕ್ಕೆ ಹೋಯಿತು. ಸಿ++11 ರಿಂದ ಈಚೆಗೆ ಹೀಗೆ ಸಂಖ್ಯೆ ಓದಲಾಗದಿದ್ದರೆ ಅಲ್ಲಿ ಸೊನ್ನೆ ತುಂಬುತ್ತದೆ. ಹೀಗಾಗಿ ಅವರ ವೀರ ಪ್ರತಿ ಸಲ ಲೋಡ್ ಆಗುವಾಗಲೇ ಹೆಣವಾಗಿ ಬರುತ್ತಿದ್ದ. ಚಿನ್ನದ ಕಥೆ ಇದಕ್ಕೆ ತದ್ವಿರುದ್ಧ. ನಾನು ಅದನ್ನು ದಶಾಂಶ ಸಂಖ್ಯೆ ಹಿಡಿಯುವ ಡಬಲ್‌ನಲ್ಲಿ ಇಟ್ಟಿದ್ದೆ. ಫೈಲಿಗೆ ಬರೆಯುವ ಸ್ಟ್ರೀಮ್ ತನ್ನಷ್ಟಕ್ಕೆ ಬರೆಯುವುದು ಆರು ಅಂಕಿಗಳನ್ನು ಮಾತ್ರ, ಆದ್ದರಿಂದ 12,34,567 ನಾಣ್ಯ ಸೇವ್ ಮಾಡಿದವರಿಗೆ 12,34,570 ನಾಣ್ಯ ಮರಳಿ ಬರುತ್ತಿತ್ತು. ಮೂರು ನಾಣ್ಯ ಪುಕ್ಕಟೆಯಾಗಿ ಬಂದದ್ದಕ್ಕೆ ಯಾರೂ ದೂರು ಕೊಡಲಿಲ್ಲ, ಕಳೆದುಕೊಂಡವರು ಮಾತ್ರ ಬರೆದರು. ಈಗ ಚಿನ್ನ ಪೂರ್ಣಾಂಕದಲ್ಲಿದೆ.

ವಸ್ತುಗಳನ್ನು ಎನಮ್‌ನ (ಹೆಸರುಗಳಿಗೆ ಸಾಲಾಗಿ ಸಂಖ್ಯೆ ಕೊಡುವ ಪಟ್ಟಿಯ) ಸಂಖ್ಯೆಯಾಗಿ ಉಳಿಸುವವರಿಗೆ ಒಂದೇ ಮಾತು: ಪಟ್ಟಿಯ ನಡುವೆ ಕವಣೆಯನ್ನು ಸೇರಿಸಿದ ದಿನ ಹಳೆಯ ಆಟಗಾರರೆಲ್ಲರ ಗುರಾಣಿಗಳು ಕವಣೆಗಳಾದವು. ವಸ್ತುವಿನ ಹೆಸರನ್ನೇ ಬರೆಯಿರಿ.

ಇನ್ನು ಹಣದ ವಿಚಾರ. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಬರೆಯಲು ತೆರೆದ ಕ್ಷಣದಲ್ಲೇ ಹಳೆಯ ಫೈಲು ಸೊನ್ನೆ ಬೈಟಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದಕ್ಕೆಂದು ಮೂರು ಸಾವಿರದಷ್ಟು ಕೊಟ್ಟು ಯುಪಿಎಸ್ ತಂದೆ. ಆದರೆ ಅದು ಕಾಯುವುದು ನನ್ನ ಮೇಜನ್ನು, ಆಡುವವರ ಮನೆಯನ್ನಲ್ಲ. ಸೇವ್ ಮಾಡುವ ಸಿದ್ಧ ಮಾಡ್ಯೂಲ್ ಒಂದನ್ನು ಸಾವಿರದ ಇನ್ನೂರರ ಆಸುಪಾಸಿನಲ್ಲಿ ಕೊಂಡುಕೊಂಡೆ, ಕನ್ನಡದ ಅಕ್ಷರ ಸಿಕ್ಕಿದಲ್ಲೆಲ್ಲ ಅದು ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ಬರೆಯಿತು. ಸರ್ವರಿನಲ್ಲಿ ಉಳಿಸಿಕೊಡುತ್ತೇವೆ ಎಂದವರೊಬ್ಬರು ಹದಿನೈದು ಸಾವಿರ ಕೇಳಿದರು, ತಿಂಗಳ ಬಾಡಿಗೆ ಬೇರೆ. ಕಡೆಗೆ ಕೆಲಸಕ್ಕೆ ಬಂದ ಪದ್ಧತಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಈಗಿನ ನನ್ನ ಫೈಲು ಹೀಗಿದೆ:

ಆವೃತ್ತಿ=3
ಹೆಸರು=ಸಂಗೊಳ್ಳಿ ರಾಯಣ್ಣ
ಜೀವ=72
ಚಿನ್ನ=1234567
ವಸ್ತು=ಖಡ್ಗ,1
ವಸ್ತು=ರೊಟ್ಟಿ,6
ಮುಗಿಯಿತು=1

ಪ್ರತಿ ಸಾಲನ್ನು ಇಡಿಯಾಗಿ ಓದಿ ಮೊದಲ ಸಮ ಚಿಹ್ನೆಯಲ್ಲಿ ಮಾತ್ರ ಸೀಳಬೇಕು, ಆಗ ಹೆಸರಿನಲ್ಲಿ ಖಾಲಿ ಜಾಗವಿದ್ದರೂ ಸಮ ಚಿಹ್ನೆಯೇ ಇದ್ದರೂ ತೊಂದರೆಯಿಲ್ಲ. ಗೊತ್ತಿಲ್ಲದ ಸಾಲು ಬಂದರೆ ಬಿಟ್ಟು ಮುಂದೆ ಹೋಗುತ್ತೇನೆ, ಬೇಕಾದ ಸಾಲು ಇಲ್ಲದಿದ್ದರೆ ಮೊದಲೇ ಗೊತ್ತುಮಾಡಿದ ಮೌಲ್ಯವನ್ನು ಹಾಕುತ್ತೇನೆ. ಎರಡನೆಯ ಆವೃತ್ತಿಯ ಫೈಲುಗಳು ಮೂರನೆಯದರಲ್ಲಿ ತೆರೆದುಕೊಳ್ಳುವುದು ಇಷ್ಟರಿಂದಲೇ. ಕೊನೆಯ ಸಾಲು ಕಾಣದಿದ್ದರೆ ಫೈಲು ಅರ್ಧಕ್ಕೆ ನಿಂತಿದೆ ಎಂದರ್ಥ, ಅಂಥದ್ದನ್ನು ಮುಟ್ಟುವುದೇ ಇಲ್ಲ. ಓದಿದ್ದೆಲ್ಲವನ್ನೂ ಮೊದಲು ಬೇರೊಂದು ಹೊಸ ಪಾತ್ರದಲ್ಲಿ ತುಂಬಿ, ಸಂಖ್ಯೆಗಳು ಮಿತಿಯೊಳಗಿವೆಯೇ ಎಂದು ನೋಡಿ, ಆಮೇಲೆಯೇ ಆಡುತ್ತಿರುವ ಪಾತ್ರದ ಜಾಗಕ್ಕೆ ತರುತ್ತೇನೆ. ವಿಂಡೋಸ್ 10 ರ 1903 ಆವೃತ್ತಿಗಿಂತ ಹಿಂದಿನ ನೋಟ್‌ಪ್ಯಾಡ್ ಯುಟಿಎಫ್-8 ಎಂದು ಉಳಿಸಿದ ಫೈಲಿನ ತಲೆಗೆ ಮೂರು ಬೈಟ್‌ಗಳ ಗುರುತೊಂದನ್ನು ಅಂಟಿಸುತ್ತಿತ್ತು, ಆವೃತ್ತಿಯ ಸಾಲು ಕಾಣೆಯಾಯಿತೆಂದು ನನ್ನ ಪ್ರೋಗ್ರಾಂ ಹಟ ಹಿಡಿದದ್ದು ಇದಕ್ಕಾಗಿಯೇ. ಓದುವ ಮೊದಲು ಆ ಮೂರು ಬೈಟ್‌ಗಳಿದ್ದರೆ ತೆಗೆದುಬಿಡಿ.

ಬರೆಯುವಾಗ ಮೂಲ ಫೈಲನ್ನು ತೆರೆಯುವುದೇ ಇಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲೊಂದನ್ನು ಬರೆದು, ಮುಚ್ಚಿ, ಸಿ++17 ರ ಫೈಲ್‌ಸಿಸ್ಟಂ ರೀನೇಮ್‌ನಿಂದ ಹಳೆಯದರ ಮೇಲೆ ಕೂರಿಸುತ್ತೇನೆ; ಹಳೆಯ ಸಿ ರೀನೇಮ್ ವಿಂಡೋಸ್‌ನಲ್ಲಿ ಅದೇ ಹೆಸರಿನ ಫೈಲು ಇದ್ದರೆ ಸೋಲುತ್ತದೆ. ಇದನ್ನು ಪರೀಕ್ಷಿಸಲು ಟಾಸ್ಕ್ ಮ್ಯಾನೇಜರ್‌ನಿಂದ ಪ್ರೋಗ್ರಾಮನ್ನು ನೂರಕ್ಕೂ ಹೆಚ್ಚು ಸಲ ಕೊಂದಿರಬೇಕು, ಒಮ್ಮೆಯೂ ಪಾತ್ರ ಕೆಡಲಿಲ್ಲ. ಅಷ್ಟಕ್ಕೆ ತೃಪ್ತನಾಗದೆ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಸೇವ್ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತು ನೋಡಿದೆ, ಆಗ ಹೊಸ ಹೊಳಹು ಸಿಕ್ಕಿತು: ಹೆಸರು ಬದಲಾಗಿದೆ, ಅಳತೆಯೂ ಸರಿಯಿದೆ, ಒಳಗೆ ಮಾತ್ರ ಬರೀ ಸೊನ್ನೆ ಬೈಟ್‌ಗಳು. ಫ್ಲಷ್ ಎಂಬುದು ಮಾಹಿತಿಯನ್ನು ಆಪರೇಟಿಂಗ್ ಸಿಸ್ಟಂನ ಕೈಗೆ ಮುಟ್ಟಿಸುತ್ತದೆಯೇ ಹೊರತು ಡಿಸ್ಕಿಗಲ್ಲ. ಹೆಸರು ಬದಲಿಸುವ ಮುನ್ನ, ಡಿಸ್ಕಿಗೇ ಬರೆಸುವ ವಿಂಡೋಸ್‌ನ ಫ್ಲಷ್‌ಫೈಲ್‌ಬಫರ್ಸ್ ಕರೆಯನ್ನು ಸೇರಿಸಿದ ಮೇಲೆ ಹಾಗಾಗಿಲ್ಲ. ಇದರ ಮೇಲೆ ಮೂರು ಹಳೆಯ ಪ್ರತಿಗಳನ್ನು ಸರದಿಯಲ್ಲಿ ಇಡುವ ವ್ಯವಸ್ಥೆಯೂ ನನ್ನಲ್ಲಿದೆ, ಯಾವುದನ್ನು ಯಾವಾಗ ಅಳಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಜಪಾನಿನಲ್ಲಿ 1986 ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ಸೇವ್ ಫೈಲೇ ಇರಲಿಲ್ಲ; ಪಾತ್ರದ ಸ್ಥಿತಿಯನ್ನು ಇಪ್ಪತ್ತು ಜಪಾನೀ ಅಕ್ಷರಗಳ ಗುಪ್ತಪದವಾಗಿ ಕೊಡುತ್ತಿದ್ದರು, ಆಟಗಾರರು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಕನ್ನಡದ ಕಾಗುಣಿತ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ 34 ವ್ಯಂಜನಗಳಲ್ಲಿ ಙ, ಞ ಬಿಟ್ಟರೆ 32. ಸ್ವರಗಳಲ್ಲಿ ಅ, ಆ, ಇ, ಉ, ಊ, ಎ, ಐ, ಒ ಎಂಬ ಎಂಟನ್ನು ಇಟ್ಟುಕೊಂಡರೆ ಗುಣಲಬ್ಧ ಸರಿಯಾಗಿ 256, ಅಂದರೆ ಒಂದು ಅಕ್ಷರಕ್ಕೆ ಒಂದು ಬೈಟ್. ಈ, ಏ, ಓ ಗಳನ್ನು ಬೇಕೆಂದೇ ಬಿಟ್ಟೆ, ಕೈಬರಹದಲ್ಲಿ ದೀರ್ಘದ ಗುರುತು ಬಿಟ್ಟುಹೋಗುವುದೇ ಹೆಚ್ಚು. ಮಟ್ಟಕ್ಕೆ 1 ಬೈಟ್, ಜೀವಕ್ಕೆ 2, ಚಿನ್ನಕ್ಕೆ 4, ಇರುವ ಸ್ಥಳಕ್ಕೆ 2, ವಸ್ತುಗಳಿಗೆ 5, ಹೀಗೆ 14 ಅಕ್ಷರ. ತಪ್ಪು ಹಿಡಿಯಲು ಇನ್ನೆರಡು. ಆ ಎರಡನ್ನು ಲೆಕ್ಕ ಹಾಕುವ ಸೂತ್ರವೂ ನನ್ನದೇ, ಅದನ್ನು ಬಿಟ್ಟುಕೊಡುವುದಿಲ್ಲ. ಹೆಸರನ್ನು ಮಾತ್ರ ಮತ್ತೆ ಕೇಳಬೇಕಾಗುತ್ತದೆ.

ಹದಿನಾರು ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಒಡೆದು ತೋರಿಸಿದ ಮೇಲೆ ಬರೆದುಕೊಳ್ಳುವಾಗಿನ ತಪ್ಪುಗಳು ಅರ್ಧಕ್ಕೂ ಕಡಿಮೆಯಾದವು. ದ ಮತ್ತು ಧ, ಪ ಮತ್ತು ಫ ಈಗಲೂ ಅದಲುಬದಲಾಗುತ್ತವೆ, ಹೊಟ್ಟೆ ಸೀಳಿದ ಗೆರೆಯನ್ನು ಯಾರೂ ಗಮನವಿಟ್ಟು ಬರೆಯುವುದಿಲ್ಲ. ಮಹಾಪ್ರಾಣಗಳನ್ನೆಲ್ಲ ತೆಗೆದು ಸ್ವರಗಳನ್ನು ಹೆಚ್ಚಿಸಿ ನೋಡುವ ಆಲೋಚನೆಯಿದೆ, ಆದರೆ ಹಾಗೆ ಮಾಡಿದರೆ ಗುಣಲಬ್ಧ ಸರಿಯಾಗಿ 256 ಆಗುವುದಿಲ್ಲ.