ಸಿಂಧುದುರ್ಗಕ್ಕೆ ಒಂದು ಗಂಟೆ ಸಾಲದು

ಮೊದಲ ಸಲ ಮಹಾರಾಷ್ಟ್ರದ ಮಾಲ್ವಣಕ್ಕೆ ಹೋದಾಗ, ಅಲ್ಲಿನ ಕಡಲ ನಡುವೆ ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕೋಟೆ ನೋಡಿದ್ದು ಬರೀ ಒಂದು ಗಂಟೆ. ದೋಣಿಯವರು ಕೊಟ್ಟಿದ್ದೇ ಅಷ್ಟು ಸಮಯ. ಬಾಗಿಲು, ಗುಡಿ ನೋಡುವಷ್ಟರಲ್ಲಿ ವಾಪಸ್ ಕರೆದರು. ಕುಂಬಳೆಗೆ ಬಂದ ಮೇಲೂ ಮನಸ್ಸು ಅಲ್ಲೇ ಇತ್ತು. ಹಾಗಾಗಿ ಕಳೆದ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ಮಾಲ್ವಣದಲ್ಲೇ ಎರಡು ರಾತ್ರಿ ಉಳಿದೆವು.

ನಮ್ಮ ಕಾಸರಗೋಡು ಕಡೆಯವರಿಗೆ ದಾರಿ ಸುಲಭ. ಕೊಂಕಣ ರೈಲಿನಲ್ಲಿ ಕುಡಾಳದಲ್ಲಿ ಇಳಿದರೆ ಮಾಲ್ವಣ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. ಕಡಲು ಜೋರಿರುತ್ತದೆ, ಕೋಟೆಗೆ ದೋಣಿ ಬಿಡುವುದಿಲ್ಲ.

ಬೆಳಿಗ್ಗೆ ಜೆಟ್ಟಿಗೆ ಹೋದವನೇ ದೋಣಿ ಹತ್ತುವ ಮೊದಲು ಮಾತಾಡಿಕೊಂಡೆ. ಮೊದಲ ದೋಣಿಯಲ್ಲಿ ಹೋಗುತ್ತೇವೆ, ಹನ್ನೆರಡರ ದೋಣಿಯಲ್ಲಿ ಬರುತ್ತೇವೆ ಅಂತ. ಅಮ್ಮ ನೆರೆಮನೆಯವರಿಂದ ಕಲಿತ ಕೊಂಕಣಿಯಲ್ಲೇ ಶುರುಮಾಡಿದರು. ಮಾಲ್ವಣಿ ಮಾತು ಅದಕ್ಕೆ ಹತ್ತಿರ ಅಲ್ವಾ, ದೋಣಿಯವನು ನಗುನಗುತ್ತಾ ಒಪ್ಪಿ ಫೋನ್ ನಂಬರ್ ಕೊಟ್ಟ. ಇದೊಂದು ಕೆಲಸ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ದೋಣಿಯಲ್ಲಿ ಕಾಲು ಗಂಟೆಯ ದಾರಿ. ಆ ಕಾಲು ಗಂಟೆ ಕಣ್ಣು ಬಿಟ್ಟು ನೋಡಬೇಕು. ನೀರಿನಿಂದ ಅಲ್ಲಲ್ಲಿ ಬಂಡೆಗಳು ತಲೆ ಎತ್ತಿರುತ್ತವೆ. ಅವುಗಳ ಆಚೆ ಅಲೆ ಬಡಿದು ನೊರೆಯಾಗುತ್ತದೆ, ಈಚೆ ನೀರು ಕೆರೆಯ ಹಾಗೆ ಸುಮ್ನೆ ನಿಂತಿರುತ್ತದೆ. ದಾರಿ ಗೊತ್ತಿಲ್ಲದ ಹಡಗು ಒಳಗೆ ಬರಲಾರದು, ಒಳಗೆ ಬಂದ ಹಡಗಿಗೆ ಅಲೆಯ ಭಯವಿಲ್ಲ. ಶಿವಾಜಿ ಈ ಕುರಟೆ ದ್ವೀಪವನ್ನು ಯಾಕೆ ಆರಿಸಿದ ಎಂಬುದು ದೋಣಿಯಲ್ಲಿ ಕೂತಾಗಲೇ ಅರ್ಥವಾಗುತ್ತದೆ. ಕೆಲಸ ಶುರುವಾಗಿದ್ದು 1664ರ ನವೆಂಬರ್ 25ಕ್ಕೆ, ಮುಗಿದದ್ದು 1667ರಲ್ಲಿ. ಉಸ್ತುವಾರಿ ಹಿರೋಜಿ ಇಂದುಲ್ಕರ್ ಅವರದು. ಅಡಿಪಾಯದ ಕಲ್ಲುಗಳನ್ನು ಕಾದ ಸೀಸ ಹೊಯ್ದು ಕೂರಿಸಿದ್ದಾರೆ.

ನಮ್ಮ ಕರಾವಳಿಗೂ ಈ ಬಂದರಿಗೂ ಸಂಬಂಧ ಇದೆ. ಕೋಟೆ ಇನ್ನೂ ಕಟ್ಟುತ್ತಿದ್ದಾಗಲೇ, 1665ರ ಫೆಬ್ರವರಿಯಲ್ಲಿ, ಶಿವಾಜಿ ಮಾಲ್ವಣದಿಂದ ಹಡಗುಗಳ ಸಮೇತ ಹೊರಟು ಕುಂದಾಪುರದ ಹತ್ತಿರದ ಬಸ್ರೂರಿನ ಮೇಲೆ ದಾಳಿ ಮಾಡಿದ. ಅದನ್ನು ಹೇಳಿದಾಗ ಅಮ್ಮ ತೆಂಕು ದಿಕ್ಕಿಗೆ ತಿರುಗಿ ನೋಡುತ್ತಾ ಕೂತರು.

ಕೋಟೆ ಹತ್ತಿರ ಬಂದರೂ ಬಾಗಿಲು ಕಾಣುವುದಿಲ್ಲ. ಎರಡು ಬುರುಜುಗಳ ನಡುವೆ ತಿರುವಿನಲ್ಲಿ ಅಡಗಿದೆ. ಒಳಗೆ ಹೋದ ಕೂಡಲೇ ಎಲ್ಲರೂ ಗುಡಿಯ ಕಡೆ ನಡೆದರು. ನಾವು ಮೊದಲು ಗೋಡೆ ಹತ್ತಿದೆವು. ಬಿಸಿಲು ಏರುವ ಮೊದಲು ಗೋಡೆಯ ಮೇಲೆ ನಡೆಯುವುದೇ ಸರಿ, ನೆರಳು ಎಲ್ಲೂ ಇಲ್ಲ. ಗೋಡೆ ಸುಮಾರು 3 ಕಿಲೋಮೀಟರ್ ಉದ್ದ, 42 ಬುರುಜು. ಒಂದೇ ನೇರಕ್ಕೆ ಹೋಗುವುದಿಲ್ಲ, ಬಂಡೆ ಹೇಗಿದೆಯೋ ಹಾಗೆ ಬಳುಕುತ್ತಾ ಹೋಗುತ್ತದೆ. ಪಡುವಣ ಬದಿ ಅಲ್ಲಲ್ಲಿ ಕುಸಿದಿದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ನಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ ನಿಂತರೆ ಬೆನ್ನಿಗೆ ನೆಲ ಇರುತ್ತದೆ. ಇಲ್ಲಿ ಎತ್ತ ತಿರುಗಿದರೂ ಕಡಲು. ನನಗೆ ಅಳು ಬರುವಷ್ಟು ಖುಷಿಯಾಯಿತು.

ಆಮೇಲೆ ಶಿವರಾಜೇಶ್ವರ ಗುಡಿ. ಶಿವಾಜಿಯ ಮಗ ರಾಜಾರಾಮ ಕಟ್ಟಿಸಿದ್ದು, ಒಳಗೆ ಶಿವಾಜಿಗೇ ಪೂಜೆ. ಕೋಟೆಯೊಳಗೆ ಈಗಲೂ ಕೆಲವು ಕುಟುಂಬಗಳಿವೆ. ಒಬ್ಬ ಅಕ್ಕ ಕೋಕಂ ಶರಬತ್ತು ಕೊಟ್ಟರು. ಒಂದು ಗುಟುಕು ಕುಡಿದು ಅಮ್ಮ, "ಇದು ನಮ್ಮ ಪುನರ್ಪುಳಿಯೇ ಮಗಾ" ಎಂದರು.

ಬಾವಿ ಮೂರಿವೆ. ದೂಧ್‌ಬಾವ್, ದಹೀಬಾವ್, ಸಾಖರ್‌ಬಾವ್. ಹಾಲು, ಮೊಸರು, ಸಕ್ಕರೆಯ ಹೆಸರು ಸುಮ್ನೆ ಇಟ್ಟದ್ದಲ್ಲ, ಸುತ್ತ ಉಪ್ಪು ನೀರಿದ್ದರೂ ಇವುಗಳ ನೀರು ಸಿಹಿ. ಒಂದು ಕೊಡ ನೀರಿಗಾಗಿ ಗುಡ್ಡ ಕೊರೆದು ಸುರಂಗ ತೋಡುವ ಊರಿನವರು ನಾವು. ಅಮ್ಮ ಬಾವಿಕಟ್ಟೆಯ ಹತ್ತಿರ ತುಂಬ ಹೊತ್ತು ನಿಂತರು. ನನಗೆ ಇಡೀ ಕೋಟೆಯಲ್ಲಿ ಗೋಡೆಗಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು ಈ ಬಾವಿಗಳೇ. ನೀರಿಲ್ಲದಿದ್ದರೆ ಅಷ್ಟು ದಪ್ಪ ಗೋಡೆ ಇದ್ದು ಏನು ಪ್ರಯೋಜನ?

ಕೊನೆಗೆ ರಾಣಿಚಿ ವೇಳಾ. ಕೋಟೆಗೇ ಸೇರಿದ ಸಣ್ಣ ಮರಳದಂಡೆ. ರಾಜಾರಾಮನ ಹೆಂಡತಿ ರಾಣಿ ತಾರಾಬಾಯಿ ಇಲ್ಲಿ ಸ್ನಾನಕ್ಕೆ ಬರುತ್ತಿದ್ದಳು ಅಂತ ಅಲ್ಲಿಯವರು ಹೇಳುತ್ತಾರೆ. ಮೊದಲ ಸಲ ಇದು ಇದೆ ಅಂತಲೇ ನನಗೆ ಗೊತ್ತಾಗಿರಲಿಲ್ಲ. ನಾವು ಹೋದಾಗ ಯಾರೂ ಇರಲಿಲ್ಲ. ಅಮ್ಮ ಸೀರೆ ಸ್ವಲ್ಪ ಎತ್ತಿ ನೀರಿಗೆ ಕಾಲಿಟ್ಟು ಕೂತರು. ಹನ್ನೆರಡಾಗುತ್ತಾ ಬಂತು, ಏಳೋಣ ಎಂದೆ.

"ಇನ್ನೂ ಚೂರು ಕೂತುಕೊಳ್ಳುವ" ಎಂದರು ಅಮ್ಮ.

ದೋಣಿಯವನಿಗೆ ಫೋನ್ ಮಾಡಿ, ಒಂದು ಗಂಟೆಯ ದೋಣಿಗೆ ಬರುತ್ತೇವೆ ಎಂದು ಹೇಳಿದೆ.