ಬಲೂನು ಕಟ್ಟಿ, ರಂಜಕದ ಅಣು ನೋಡಿ

ನಡುವೆ ರಂಜಕ, ಸುತ್ತ ಮೂರು ಕ್ಲೋರಿನ್. ಪಿಯುಸಿ ನೋಟ್‌ಬುಕ್ಕಿನಲ್ಲಿ ಫಾಸ್ಫರಸ್ ಟ್ರೈಕ್ಲೋರೈಡ್ ಚಪಾತಿಯ ಹಾಗೆ ಚಪ್ಪಟೆಯಾಗಿ ಮಲಗಿರುತ್ತದೆ. ಅದನ್ನು ಎಬ್ಬಿಸಿ ಕೂರಿಸಲು ಏಳು ಬಲೂನು ಸಾಕು: ಆರು ಒಂದೇ ಬಣ್ಣದವು, ಒಂದು ಬೇರೆ ಬಣ್ಣದ್ದು. (ನಿಜವಾದ ಟ್ರೈಕ್ಲೋರೈಡ್ ನೀರು ತಾಗಿದರೆ ಹೊಗೆಯಾಡುವ ದ್ರವ; ಬಲೂನೇ ಕ್ಷೇಮ.)

ಮೊದಲು ಲೆಕ್ಕ. ರಂಜಕದ ಹೊರಕವಚದಲ್ಲಿ 5 ಎಲೆಕ್ಟ್ರಾನುಗಳಿವೆ. ಮೂರು ಕ್ಲೋರಿನ್‌ಗಳ ಜೊತೆ ಒಂದೊಂದರಂತೆ ಹಂಚಿಕೊಂಡರೆ ಎರಡು ಮಿಕ್ಕವು. ಲೋನ್ ಪೇರ್ ಎನ್ನುವುದು ಇದನ್ನೇ. ಯಾರಿಗೂ ಅಂಟಿಕೊಳ್ಳದ ಈ ಜೋಡಿಯನ್ನು ಮರೆತರೆ ಆಕಾರ ಕೆಟ್ಟಿತು. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ.

ಈಗ ಮೂರು ಬಲೂನುಗಳನ್ನು ಒಂದೇ ಅಳತೆಗೆ ಊದಿ. ಬೇರೆ ಬಣ್ಣದ್ದನ್ನು ತುಸು ದಪ್ಪಗೆ ಊದಿ. ಲೋನ್ ಪೇರ್ ಅದೇ. ಎರಡೆರಡರ ಬಾಯಿ ಸೇರಿಸಿ ಗಂಟು ಹಾಕಿ, ಎರಡು ಜೋಡಿಗಳನ್ನೂ ಒಂದಕ್ಕೊಂದು ತಿರುಚಿ ಬಿಡಿ. ನೀವೇನೂ ಹೊಂದಿಸಬೇಕಿಲ್ಲ, ತಳ್ಳಾಡಿಕೊಂಡು ತಾವೇ ನಾಲ್ಕು ದಿಕ್ಕಿಗೆ ಸರಿಯುತ್ತವೆ. ಎಲೆಕ್ಟ್ರಾನ್ ಜೋಡಿಗಳೂ ಮಾಡುವುದು ಇದನ್ನೇ. ದಪ್ಪನೆಯದನ್ನು ಮೇಲೆ ಹಿಡಿದರೆ ಉಳಿದ ಮೂರು ಮುಕ್ಕಾಲಿಯ ಕಾಲುಗಳಂತೆ ಕೆಳಗೆ ಚಾಚುತ್ತವೆ. ನಾಲ್ಕೂ ಸಮನಾಗಿದ್ದರೆ ನಡುವಿನ ಕೋನ 109.5 ಡಿಗ್ರಿ; ಇಲ್ಲಿ ದಪ್ಪನೆಯದು ಒತ್ತುವುದರಿಂದ ಸುಮಾರು 100. ಕ್ಲೋರಿನ್ ಜಾಗಕ್ಕೆ ಹೈಡ್ರೋಜನ್ ಬಂದ ಫಾಸ್ಫೀನ್‌ನಲ್ಲಿ 93.5, ಆದರೆ ರಂಜಕದ ಜಾಗದಲ್ಲಿ ನೈಟ್ರೋಜನ್ ಇರುವ ಅಮೋನಿಯಾದಲ್ಲಿ 107. ನೈಟ್ರೋಜನ್ ಚಿಕ್ಕದು, ಬಂಧದ ಜೋಡಿಗಳು ಹತ್ತಿರ ಬಂದು ಒಂದನ್ನೊಂದು ನೂಕುತ್ತವೆ. ರಂಜಕದ ಸುತ್ತ ಅವು ದೂರದಲ್ಲಿರುವುದರಿಂದ ಒತ್ತಿಸಿಕೊಂಡು ಸುಮ್ಮನಿರುತ್ತವೆ.

ಇನ್ನು ರಂಜಕಕ್ಕೆ ಐದು ಕ್ಲೋರಿನ್ ಅಂಟಿದ ಪೆಂಟಾಕ್ಲೋರೈಡ್‌ನಲ್ಲಿ ಐದೂ ಎಲೆಕ್ಟ್ರಾನುಗಳು ಬಂಧಕ್ಕೆ ಹೋದವು, ಮಿಕ್ಕಿದ್ದಿಲ್ಲ. ಒಂದೇ ಬಣ್ಣದ ಎರಡನ್ನೊಂದು, ಮೂರನ್ನೊಂದು ಗೊಂಚಲು ಮಾಡಿ ತಿರುಚಿ. ಮೂರು ಸೊಂಟದ ಸುತ್ತ 120 ಡಿಗ್ರಿ ಅಂತರದಲ್ಲಿ, ಒಂದು ತಲೆಯ ಮೇಲೆ, ಒಂದು ಕಾಲ ಕೆಳಗೆ ನಿಲ್ಲುತ್ತವೆ. ತಲೆಯ ಬಲೂನಿನ ಬುಡಕ್ಕೆ ಬೆರಳು ತೂರಿಸಿ ಸುತ್ತ ಆಡಿಸಿ ನೋಡಿ: 90 ಡಿಗ್ರಿಯಲ್ಲಿ ಮೂರು ನೆರೆಹೊರೆ. ಸೊಂಟದ ಬಲೂನಿಗೆ ಅಷ್ಟು ಹತ್ತಿರ ಎರಡೇ. ಅದಕ್ಕೇ ಮೇಲಿನ, ಕೆಳಗಿನ ಬಂಧಗಳು ಉದ್ದ, ಸಡಿಲ. ಬಿಸಿ ಮಾಡಿದರೆ ಎರಡು ಕ್ಲೋರಿನ್ ಕಳಚಿಕೊಂಡು ಮತ್ತೆ ಟ್ರೈಕ್ಲೋರೈಡ್.

ಇದೆಲ್ಲ ಅನಿಲರೂಪದ ಮಾತು. ಸೀಸೆಯಲ್ಲಿ ಪುಡಿಯಾಗಿ ಕೂತ ಪೆಂಟಾಕ್ಲೋರೈಡ್‌ನಲ್ಲಿ ಐದರ ಗೊಂಚಲೇ ಇಲ್ಲ! ಒಂದು ಅಣು ಒಂದು ಕ್ಲೋರೈಡನ್ನು ಪಕ್ಕದ್ದಕ್ಕೆ ದಾಟಿಸಿ ನಾಲ್ಕು ಕ್ಲೋರಿನ್‌ಗಳ ಧನ ಅಯಾನು (ವಿದ್ಯುದಂಶವುಳ್ಳ ಕಣ) ಆಗಿರುತ್ತದೆ. ಪಡೆದದ್ದು ಆರರ ಋಣ ಅಯಾನು. ನಾಲ್ಕರದ್ದನ್ನು ಆಗಲೇ ಕಟ್ಟಿದ್ದೀರಿ, ಈ ಸಲ ದಪ್ಪನೆಯದು ಬೇಡ ಅಷ್ಟೆ. ಆರನೆಯ ಬಲೂನು ಊದಿ, ಎರಡೆರಡರ ಮೂರು ಜೋಡಿ ಮಾಡಿ ತಿರುಚಿ. ಅಕ್ಕಪಕ್ಕದವೆಲ್ಲ 90 ಡಿಗ್ರಿಗೆ ನಿಂತವೇ ನೋಡಿ.